ನಮ್ಮ ಕೆರೆಯ ಏರೋಪ್ಲೇನ್ ಚಿಟ್ಟೆಗಳು: ಗುರುತಿಸಿ ದಾಖಲಿಸುವುದು ಹೇಗೆ?

ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ನನ್ನ ಫೋನಿಗೆ ಒಂದೇ ಬಗೆಯ ಫೋಟೊ ಬರಲು ಶುರುವಾಗುತ್ತದೆ. ಹುಲ್ಲಿನ ತುದಿಯಲ್ಲಿ ಕೆಂಪು ಏರೋಪ್ಲೇನ್ ಚಿಟ್ಟೆ, ಮೇಲಿನಿಂದ ತೆಗೆದದ್ದು, ಅರ್ಧ ಮಸುಕು, ಕೆಳಗೆ ‘ಇದರ ಹೆಸರೇನು?’ ಎಂದು ಒಂದು ಸಾಲು. ಎಲ್ಲಿ ಕಂಡಿತು, ಯಾವತ್ತು ಕಂಡಿತು, ಒಂದೂ ಇಲ್ಲ. ಕಳಿಸಿದವರು ತಿಂಗಳುಗಟ್ಟಲೆ ಕೆರೆ ಸುತ್ತಿರುತ್ತಾರೆ, ಆದರೂ ಅವರ ಪಟ್ಟಿ ಐದಾರು ಹೆಸರಿಗೆ ನಿಂತುಬಿಟ್ಟಿರುತ್ತದೆ. ಹೆಚ್ಚಿನವರು ಬಣ್ಣದಿಂದ ಶುರು ಮಾಡುವುದೇ ಇದಕ್ಕೆ ಕಾರಣ. ಈ ಕೀಟಗಳಲ್ಲಿ ಬಣ್ಣ ಕೊನೆಗೆ ನೋಡಬೇಕಾದದ್ದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ನಡುವಿನ ಯಾವುದನ್ನೂ ಹಾರಿಸಬೇಡಿ.

ಹಂತ 1: ಒಂದು ಜಾಗ, ಸರಿಯಾದ ಹೊತ್ತು

ಮನೆಯಿಂದ ನಡೆದು ಹೋಗಬಹುದಾದ ಒಂದು ಜಾಗ ಆರಿಸಿಕೊಳ್ಳಿ. ಕೆರೆ ಏರಿ, ಭತ್ತದ ಗದ್ದೆಯ ಬದು, ತೋಟದ ಪಕ್ಕದ ಹಳ್ಳ, ಯಾವುದಾದರೂ ಸರಿ. ಪ್ರತಿ ಭಾನುವಾರ ಹೊಸ ಜಾಗ ಹುಡುಕಿಕೊಂಡು ಹೋಗುವವರಿಗಿಂತ ಒಂದೇ ಕೋಡಿಯ ಹತ್ತಿರ ಇಪ್ಪತ್ತು ಸಲ ಕೂತವರು ಬೇಗ ಕಲಿಯುತ್ತಾರೆ.

ಬಿಸಿಲು ಬೇಕು. ಬೆಳಿಗ್ಗೆ 9ರಿಂದ 12 ಒಳ್ಳೆಯ ಹೊತ್ತು. ಮೋಡ ಮುಚ್ಚಿದರೆ ಹೆಚ್ಚಿನವು ಗಿಡಗಳೊಳಗೆ ಸೇರಿಕೊಳ್ಳುತ್ತವೆ. ನಡುಮಧ್ಯಾಹ್ನದ ಸುಡುಬಿಸಿಲಿಗೆ ಕೆಲವು ಬಾಲವನ್ನು ನೆಟ್ಟಗೆ ಸೂರ್ಯನತ್ತ ಎತ್ತಿ ಕೂರುತ್ತವೆ. ಮೈಗೆ ಬೀಳುವ ಬಿಸಿಲು ಕಡಿಮೆ ಮಾಡಿಕೊಳ್ಳಲು ಅದು ಕಂಡುಕೊಂಡ ಭಂಗಿ, ಜಾತಿಯ ಗುರುತೆಂದು ಬರೆದುಕೊಳ್ಳಬೇಡಿ. ಕರ್ನಾಟಕದ ಬಹುಭಾಗದಲ್ಲಿ ಸೆಪ್ಟೆಂಬರಿನಿಂದ ನವೆಂಬರ್ ತನಕ ಸುಗ್ಗಿ. ಬೇಸಿಗೆಯಲ್ಲೂ ನೀರಿದ್ದ ಕಡೆ ಒಂದಷ್ಟು ಇದ್ದೇ ಇರುತ್ತವೆ.

ತಿಂಗಳಿಗೊಮ್ಮೆಯಾದರೂ ಮುಸ್ಸಂಜೆಗೆ ಹೋಗಿ. ಥೊಲಿಮಿಸ್ ಟಿಲ್ಲಾರ್ಗಾ ಎಂಬ ವೈಜ್ಞಾನಿಕ ಹೆಸರಿನ ಜಾತಿ ಹಗಲೆಲ್ಲ ಪೊದೆಯೊಳಗೆ ನೇತುಬಿದ್ದಿದ್ದು, ದೀಪ ಹಚ್ಚುವ ಹೊತ್ತಿಗೆ ನೀರಿನ ಮೇಲೆ ಸುತ್ತತೊಡಗುತ್ತದೆ. ಗಂಡಿನ ಹಿಂರೆಕ್ಕೆಯಲ್ಲಿ ಕಂದು ಮಚ್ಚೆಯ ಪಕ್ಕ ಹಾಲು ಚೆಲ್ಲಿದಂಥ ಬಿಳಿ ಕಲೆ ಇರುತ್ತದೆ, ಕತ್ತಲಾಗುವಾಗ ಕಣ್ಣಿಗೆ ಬೀಳುವುದು ಆ ಬಿಳಿಯೊಂದೇ. ಬೆಳಗಿನ ಹೊತ್ತು ಮಾತ್ರ ಹೋಗುವವರ ಪಟ್ಟಿಯಲ್ಲಿ ಇದು ವರ್ಷಗಟ್ಟಲೆ ಸೇರುವುದಿಲ್ಲ.

ಹಂತ 2: ಚೀಲದಲ್ಲಿ ಏನಿರಬೇಕು

ಪುಟ್ಟ ನೋಟ್‌ಬುಕ್, ಪೆನ್ಸಿಲ್ (ಪೆನ್ನಿನ ಮಸಿ ಒದ್ದೆಯಾದರೆ ಹರಡುತ್ತದೆ), ಫೋನ್ ಅಥವಾ ಕ್ಯಾಮೆರಾ, ನೀರಿನ ಬಾಟಲಿ, ಟೋಪಿ. ಬೈನಾಕ್ಯುಲರ್ ಕೊಳ್ಳುವುದಾದರೆ ಎಷ್ಟು ದೂರ ಕಾಣುತ್ತದೆ ಎಂದು ಕೇಳಬೇಡಿ, ಎಷ್ಟು ಹತ್ತಿರದ ವಸ್ತು ಸ್ಪಷ್ಟವಾಗುತ್ತದೆ ಎಂದು ಕೇಳಿ. ಎರಡು ಮೀಟರಿನೊಳಗೆ ಫೋಕಸ್ ಆಗುವ 8x32 (ಎಂಟು ಪಟ್ಟು ಹಿಗ್ಗಿಸುವ, 32 ಮಿ.ಮೀ. ಮಸೂರದ್ದು) ಸಾಕು. ಹಕ್ಕಿ ನೋಡಲೆಂದು ಕೊಂಡ ದೊಡ್ಡ ಬೈನಾಕ್ಯುಲರುಗಳಲ್ಲಿ ಕೆಲವು ನಾಲ್ಕೈದು ಮೀಟರ್ ಒಳಗಿನದನ್ನು ತೋರಿಸುವುದೇ ಇಲ್ಲ.

ಬಲೆ ಬೇಡ. ನಾನು ಹೇಳುವ ಮಟ್ಟದ ಗುರುತಿಸುವಿಕೆಗೆ ಹಿಡಿಯುವ ಅಗತ್ಯವೇ ಬರುವುದಿಲ್ಲ, ಸಂರಕ್ಷಿತ ಅರಣ್ಯದಲ್ಲಂತೂ ಇಲಾಖೆಯ ಅನುಮತಿ ಇಲ್ಲದೆ ಹಿಡಿಯುವಂತೆಯೂ ಇಲ್ಲ.

ಹೊರಡುವ ಮೊದಲು ಕ್ಯಾಮೆರಾದ ಗಡಿಯಾರ ನೋಡಿ. ಒಮ್ಮೆ ಬ್ಯಾಟರಿ ಪೂರ್ತಿ ಇಳಿದು ನನ್ನ ಕ್ಯಾಮೆರಾ ತಾನಾಗಿಯೇ 2015ರ ಜನವರಿ 1ಕ್ಕೆ ಹೋಗಿ ಕೂತಿತ್ತು. ಆ ದಿನಾಂಕದಲ್ಲೇ ನಲವತ್ತು ಚಿಲ್ಲರೆ ದಾಖಲೆ ಜಾಲತಾಣಕ್ಕೆ ಏರಿಸಿ, ಆಮೇಲೆ ಒಂದೊಂದನ್ನೇ ತಿದ್ದಲು ಎರಡು ಸಂಜೆ ಹಿಡಿಯಿತು.

ಕಾಲಿಗೆ ಮುಚ್ಚುವ ಶೂ ಇರಲಿ. ಕೆರೆ ಅಂಚಿನ ಹುಲ್ಲಿನಲ್ಲಿ ಹಾವು, ಮಲೆನಾಡಾದರೆ ಇಂಬಳ. ಗದ್ದೆ ಕಡೆ ತಂತಿ ಬೇಲಿ ಕಂಡರೆ ಕರೆಂಟ್ ಇದೆಯೆಂದೇ ತಿಳಿಯಿರಿ. ಹಳ್ಳದಲ್ಲಿದ್ದಾಗ ನೀರು ಇದ್ದಕ್ಕಿದ್ದಂತೆ ಕೆಂಪಾಗಿ ಕಸಕಡ್ಡಿ ತರತೊಡಗಿದರೆ ಮೇಲೆಲ್ಲೋ ಜೋರು ಮಳೆಯಾಗಿದೆ ಎಂದರ್ಥ, ಫೋಟೊ ಬಿಟ್ಟು ದಡಕ್ಕೆ ಹತ್ತಿ. ಹೊಲದ ಯಜಮಾನರಿಗೆ ಮೊದಲೇ ಒಂದು ನಮಸ್ಕಾರ ಹೇಳಿಬಿಡುವುದು ವಾಸಿ. ಕೆರೆ ಅಂಚಿನಲ್ಲಿ ಪುಸ್ತಕ ಹಿಡಿದು ಬರೆಯುತ್ತಾ ನಿಂತವರನ್ನು ಕಂಡರೆ ಜನ ಮೊದಲು ಕೇಳುವುದು, ‘ಏನ್ ಸಾರ್, ಸರ್ವೇನಾ?’

ಹಂತ 3: ಮೊದಲ ಐದು ನಿಮಿಷ ಕ್ಯಾಮೆರಾ ಚೀಲದಲ್ಲೇ ಇರಲಿ

ಒಂದು ಕೀಟವನ್ನು ಆರಿಸಿಕೊಂಡು ಐದು ನಿಮಿಷ ಬರೀ ನೋಡಿ. ನೆಲದ ಮೇಲೆ ಕೂರುತ್ತದೋ, ಕಡ್ಡಿಯ ತುದಿಯಲ್ಲೋ, ಗೋಡೆಯ ಮೇಲೋ? ಹಾರಿದ ಮೇಲೆ ಅದೇ ಕಡ್ಡಿಗೆ ಮರಳುತ್ತದೋ, ಕೂರದೆ ಸುತ್ತುತ್ತಲೇ ಇರುತ್ತದೋ? ಈ ಉತ್ತರಗಳೇ ಅರ್ಧ ಹೆಸರು.

ಮನೆಯ ಸಿಮೆಂಟ್ ಗೋಡೆಗೆ ಮೈ ಅಂಟಿಸಿ ಕೂತ, ಬೂದು ಚುಕ್ಕೆಯ, ಹತ್ತಿರ ಹೋಗುವ ತನಕ ಕಾಣದ ಒಂದು ಇದೆ. ಅದು ಬ್ರಾಡಿನೊಪೈಗಾ ಜೆಮಿನೇಟಾ, ಇಂಗ್ಲಿಷಿನವರ ಗ್ರಾನೈಟ್ ಘೋಸ್ಟ್. ಬಂಡೆ ಮೇಲಿನ ನೀರು, ಬಾವಿ, ಸಿಮೆಂಟ್ ತೊಟ್ಟಿ ಅದರ ಬೆಳೆಯುವ ಜಾಗ. ಮಳೆ ಬರುವ ಮುಂಚೆ ಮೈದಾನದ ಮೇಲೆ ಗುಂಪುಗುಂಪಾಗಿ ತೇಲುತ್ತಾ, ಎಷ್ಟು ಹೊತ್ತು ಕಾದರೂ ಕೂರದ ಹೊಂಬಣ್ಣದ್ದು ಬಹುಮಟ್ಟಿಗೆ ಪಂಟಾಲಾ ಫ್ಲಾವೆಸೆನ್ಸ್. ಕೂತಾಗ ಕಡ್ಡಿಗೆ ಲಂಬವಾಗಿ ಜೋತುಬೀಳುತ್ತದೆ. ನೀರಿನ ಮೇಲೆ ಚಾಚಿದ ಒಣಕೊಂಬೆಯ ತುದಿಯನ್ನು ಗುತ್ತಿಗೆ ಹಿಡಿದಂತೆ ಅಲ್ಲಿಗೇ ಮರಳಿ ಬರುವ ದಪ್ಪ ಹಳದಿ-ಕಪ್ಪು ಕೀಟ ಇಕ್ಟಿನೊಗೊಂಫಸ್ ರಾಪ್ಯಾಕ್ಸ್ ಇರಬಹುದು.

ಹತ್ತಿರ ಹೋಗುವಾಗ ನಿಮ್ಮ ನೆರಳು ಅದರ ಮೇಲೆ ಬೀಳಬಾರದು. ಬಗ್ಗಿ, ನೇರವಾಗಿ, ನಿಧಾನವಾಗಿ ಹೋಗಿ. ಕೈಯನ್ನು ಪಕ್ಕಕ್ಕೆ ಆಡಿಸಬೇಡಿ. ಹಾರಿಹೋದರೆ ಬೆನ್ನಟ್ಟದೆ ಅಲ್ಲೇ ಕೂತುಬಿಡಿ, ಕಡ್ಡಿ ಬಿಡದ ಜಾತಿಯಾದರೆ ಅರ್ಧ ನಿಮಿಷದಲ್ಲಿ ವಾಪಸ್ ಬರುತ್ತದೆ.

ಹಂತ 4: ಮೊದಲ ವಿಂಗಡಣೆ

ಈ ವರ್ಗದಲ್ಲಿ ಎರಡು ದೊಡ್ಡ ಮನೆಗಳು: ಡ್ರ್ಯಾಗನ್‌ಫ್ಲೈ ಮತ್ತು ಡ್ಯಾಮ್ಸೆಲ್‌ಫ್ಲೈ. ನಮ್ಮ ಕಡೆ ಎರಡಕ್ಕೂ ಏರೋಪ್ಲೇನ್ ಚಿಟ್ಟೆ, ಹೆಲಿಕಾಪ್ಟರ್ ಹುಳ ಎನ್ನುತ್ತಾರಾದ್ದರಿಂದ ಇಲ್ಲಿ ಇಂಗ್ಲಿಷ್ ಹೆಸರನ್ನೇ ಇಟ್ಟುಕೊಂಡಿದ್ದೇನೆ.

ಕಣ್ಣು ನೋಡಿ. ನೆತ್ತಿಯ ಮೇಲೆ ಎರಡೂ ಕಣ್ಣು ಒಂದಕ್ಕೊಂದು ತಾಗಿದ್ದರೆ ಡ್ರ್ಯಾಗನ್‌ಫ್ಲೈ. ಡಂಬೆಲ್‌ನ ಎರಡು ಗುಂಡಿನಂತೆ ದೂರ ದೂರ ಇದ್ದರೆ ಡ್ಯಾಮ್ಸೆಲ್‌ಫ್ಲೈ. ಆಮೇಲೆ ರೆಕ್ಕೆ: ಡ್ರ್ಯಾಗನ್‌ಫ್ಲೈ ಹರಡಿಕೊಂಡು ಕೂರುತ್ತದೆ, ಅದರ ಹಿಂರೆಕ್ಕೆ ಬುಡದಲ್ಲಿ ಅಗಲ. ಡ್ಯಾಮ್ಸೆಲ್‌ಫ್ಲೈ ಬಹುತೇಕ ಬೆನ್ನ ಮೇಲೆ ಮಡಚಿಕೊಳ್ಳುತ್ತದೆ, ನಾಲ್ಕೂ ರೆಕ್ಕೆ ಹೆಚ್ಚುಕಡಿಮೆ ಒಂದೇ ಅಳತೆ, ಮೈ ಊದುಬತ್ತಿಯ ಕಡ್ಡಿಯಷ್ಟು ತೆಳ್ಳಗೆ.

ಎಡವುವುದು ಎರಡು ಕಡೆ. ಮೇಲೆ ಹೇಳಿದ ಇಕ್ಟಿನೊಗೊಂಫಸ್ ಸೇರಿದ ಗೊಂಫಿಡೇ ಕುಟುಂಬದ ಡ್ರ್ಯಾಗನ್‌ಫ್ಲೈಗಳಿಗೆ ಕಣ್ಣು ತಾಗಿರುವುದಿಲ್ಲ. ಲೆಸ್ಟಿಡೇ ಕುಟುಂಬದ ಕೆಲವು ಡ್ಯಾಮ್ಸೆಲ್‌ಫ್ಲೈಗಳು ರೆಕ್ಕೆಯನ್ನು ಅರ್ಧ ತೆರೆದೇ ಕೂರುತ್ತವೆ. ಕಣ್ಣು, ರೆಕ್ಕೆ, ಮೈದಪ್ಪ ಮೂರನ್ನೂ ಕೂಡಿಸಿ ನೋಡಿದರೆ ಮೋಸ ಹೋಗುವುದಿಲ್ಲ.

ರಾತ್ರಿ ಟ್ಯೂಬ್‌ಲೈಟಿಗೆ ಬಂದು ಬೀಳುವ, ಇದೇ ಆಕಾರದ ಇನ್ನೊಂದು ಕೀಟದ ಫೋಟೊಗಳೂ ಬರುತ್ತಿರುತ್ತವೆ. ತಲೆಯ ಮೇಲೆ ಎದ್ದುಕಾಣುವ, ತುದಿ ದಪ್ಪನಾದ ಮೀಸೆ ಇದ್ದರೆ ಅದು ನಮ್ಮ ಪಟ್ಟಿಯದಲ್ಲ. ನುಣ್ಣನೆ ಮಣ್ಣಿನಲ್ಲಿ ಆಲಿಕೆಯಾಕಾರದ ಗುಂಡಿ ತೋಡಿ ಇರುವೆ ಹಿಡಿಯುವ ಹುಳದ ಬೆಳೆದ ರೂಪ ಹಾಗಿರುತ್ತದೆ. ಡ್ರ್ಯಾಗನ್‌ಫ್ಲೈ ಮೀಸೆ ಕೂದಲೆಳೆಯಷ್ಟು, ಇದ್ದೂ ಇಲ್ಲದಂತೆ.

ಹಂತ 5: ನಾಲ್ಕು ಫೋಟೊ

ಮೊದಲನೆಯದು ದೂರದಿಂದಲೇ, ಎಲ್ಲಿದೆಯೋ ಹಾಗೆ. ಹಾರಿಹೋದರೂ ಒಂದು ಪುರಾವೆ ಕೈಯಲ್ಲಿರುತ್ತದೆ.

ಎರಡನೆಯದು ಪಕ್ಕದಿಂದ, ಕ್ಯಾಮೆರಾವನ್ನು ಕೀಟದ ಎತ್ತರಕ್ಕೇ ಇಳಿಸಿ. ಒಂದೇ ಫೋಟೊ ತೆಗೆಯಲು ಅವಕಾಶ ಸಿಕ್ಕರೆ ಇದನ್ನೇ ತೆಗೆಯಿರಿ. ಎದೆಯ ಪಟ್ಟೆ, ಕಾಲಿನ ಬಣ್ಣ, ಗಂಡು-ಹೆಣ್ಣಿನ ಗುರುತು, ಎಲ್ಲವೂ ಪಕ್ಕದಲ್ಲಿ. ಕೂದಲು ಬಾಚಿದ ನೆತ್ತಿಯ ಫೋಟೊ ಕೊಟ್ಟು ಆಳನ್ನು ಗುರುತಿಸಿ ಅಂದರೆ ಹೇಗೋ, ಮೇಲಿನಿಂದ ಮಾತ್ರ ತೆಗೆದ ಫೋಟೊ ಹಾಗೆ.

ಮೂರನೆಯದು ಮೇಲಿನಿಂದ. ರೆಕ್ಕೆಯ ಬುಡದ ಬಣ್ಣ, ತುದಿಯ ಹತ್ತಿರದ ಪುಟ್ಟ ಬಣ್ಣದ ಚೌಕ, ಬೆನ್ನಿನ ಗೆರೆ ಇದರಲ್ಲಿ ಸಿಗಬೇಕು. ಗ್ರಾನೈಟ್ ಘೋಸ್ಟ್‌ಗೆ ಆ ಚೌಕದಲ್ಲಿ ಕಪ್ಪು-ಬಿಳಿ ಎರಡೂ ಬಣ್ಣವಿರುತ್ತದೆ, ಅದೊಂದೇ ಸಾಕು ಗುರುತಿಗೆ.

ನಾಲ್ಕನೆಯದು ಬಾಲದ ತುದಿ. ನಾವು ಬಾಲ ಎನ್ನುವುದು ನಿಜಕ್ಕೂ ಅದರ ಹೊಟ್ಟೆ, ಅದರಲ್ಲಿ ಹತ್ತು ಗಂಟು. ಗಂಡು ಹೆಣ್ಣನ್ನು ಹಿಡಿಯಲು ಬಳಸುವ ತುದಿಯ ಕೊಂಡಿಗಳ ಆಕಾರ ಜಾತಿಯಿಂದ ಜಾತಿಗೆ ಬೇರೆ. ನೀಲಿ-ಕಪ್ಪು ಸ್ಯೂಡಾಗ್ರಿಯಾನ್‌ಗಳಂಥ ಡ್ಯಾಮ್ಸೆಲ್‌ಫ್ಲೈಗಳಲ್ಲಿ ಎಷ್ಟೋ ಸಲ ಕೊಂಡಿ ಕಾಣದೆ ಹೆಸರು ಇತ್ಯರ್ಥವಾಗುವುದಿಲ್ಲ. ಗಂಟು ಎಣಿಸುವಾಗ ಎದೆಯ ಕಡೆಯಿಂದ ಬರಬೇಡಿ, ಅಲ್ಲಿ ಗಂಟುಗಳು ಒತ್ತಿಕೊಂಡಿರುತ್ತವೆ. ತುದಿಯಿಂದ ಹತ್ತು, ಒಂಬತ್ತು, ಎಂಟು ಎಂದು ಹಿಂದಕ್ಕೆ ಎಣಿಸಿ.

ಫೋನಿನಲ್ಲಿ ತೆಗೆಯುವವರು ಜೂಮ್ ಎಳೆಯುವ ಬದಲು ಒಂದೊಂದೇ ಹೆಜ್ಜೆ ಹತ್ತಿರ ಹೋಗಿ. ಫೋಕಸ್ ಹಿಂದಿನ ಹುಲ್ಲಿಗೆ ಓಡುತ್ತಿದ್ದರೆ ನಿಮ್ಮ ಇನ್ನೊಂದು ಕೈಯ ಅಂಗೈಯನ್ನು ಅದೇ ದೂರದಲ್ಲಿ ಹಿಡಿದು ಫೋಕಸ್ ಮಾಡಿ, ಲಾಕ್ ಮಾಡಿ, ಆಮೇಲೆ ಕೀಟದತ್ತ ತಿರುಗಿಸಿ.

ಹಂತ 6: ಗಂಡೋ ಹೆಣ್ಣೋ, ಎಳೆಯದೋ ಬಲಿತದ್ದೋ

ಈ ಹಂತ ಬಿಟ್ಟು ಹೆಸರಿಗೆ ಹಾರುವವರೇ ಹೆಚ್ಚು. ನಾನೂ ಹಾಗೇ ಹಾರಿದ್ದವನು. ಎರಡು ವರ್ಷ ನಮ್ಮೂರ ಗದ್ದೆಯ ಪಟ್ಟಿಯಲ್ಲಿ ಹಳದಿ-ಕಂದು ಮಚ್ಚೆಯ ರೆಕ್ಕೆಯ ಒಂದು ‘ಹೊಸ ಜಾತಿ’ ಇಟ್ಟುಕೊಂಡು ಬೀಗುತ್ತಿದ್ದೆ. ಒಂದು ಬೆಳಿಗ್ಗೆ ಬದುವಿನ ಮೇಲೆ ಕೂತಿದ್ದಾಗ, ರೆಕ್ಕೆಯ ಅರ್ಧ ಕಪ್ಪು, ಅದರಾಚೆ ಹಾಲುಬಿಳಿ ಪಟ್ಟಿ ಇರುವ ನ್ಯೂರೊಥೆಮಿಸ್ ಟುಲ್ಲಿಯಾ ಗಂಡು ಬಂದು ನನ್ನ ಹೊಸ ಜಾತಿಯ ಕುತ್ತಿಗೆ ಹಿಡಿದು ಜೋಡಿಯಾಗಿ ಹಾರಿತು. ಅದರ ಹೆಣ್ಣೇ ಅದು! ಜೋಡಿ ಕಂಡಾಗ ಮಾಡುತ್ತಿರುವುದೆಲ್ಲ ಬಿಟ್ಟು ಫೋಟೊ ತೆಗೆಯಿರಿ. ಹೆಣ್ಣನ್ನು ಗುರುತಿಸಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಗಂಡಿನ ಗುರುತು: ಪಕ್ಕದಿಂದ ನೋಡಿದರೆ ಹೊಟ್ಟೆಯ ಎರಡನೇ ಗಂಟಿನ ಅಡಿಯಲ್ಲಿ, ಅಂದರೆ ಎದೆ ಮುಗಿದ ಕೂಡಲೇ, ಒಂದು ಉಬ್ಬು. ಹೆಣ್ಣಿಗೆ ಆ ಉಬ್ಬಿಲ್ಲ, ಹೊಟ್ಟೆ ತುಸು ದಪ್ಪ, ಮೊಟ್ಟೆ ಇಡುವ ಅಂಗ ತುದಿಯ ಹತ್ತಿರ, ಕೆಳಬದಿಯಲ್ಲಿ.

ವಯಸ್ಸು ಬಣ್ಣವನ್ನು ಪೂರ್ತಿ ತಲೆಕೆಳಗು ಮಾಡುತ್ತದೆ. ಡಿಪ್ಲಕೋಡಿಸ್ ಟ್ರಿವಿಯಾಲಿಸ್ ಎಂಬ ಪುಟ್ಟ ಡ್ರ್ಯಾಗನ್‌ಫ್ಲೈ ನೀರಿಲ್ಲದ ಆಟದ ಮೈದಾನದಲ್ಲೂ ನೆಲದ ಮೇಲೆ ಕೂರುತ್ತದೆ. ಎಳೆಯದರಲ್ಲಿ ಹಸಿರುಹಳದಿ ಮೈಗೆ ಕಪ್ಪು ಗುರುತು. ಬಲಿತ ಗಂಡು ವಿಭೂತಿ ಬಳಿದುಕೊಂಡಂತೆ ಮೈಯೆಲ್ಲ ನೀಲಿಬೂದು. ನಡುವಿನ ವಯಸ್ಸಿನಲ್ಲಿ ಅರ್ಧ ಹಾಗೆ, ಅರ್ಧ ಹೀಗೆ. ಇಷ್ನುರಾ ಸೆನೆಗಲೆನ್ಸಿಸ್ ಡ್ಯಾಮ್ಸೆಲ್‌ಫ್ಲೈಯಲ್ಲಿ ಇನ್ನೊಂದು ತರಲೆ: ಕೆಲವು ಹೆಣ್ಣು ಕಿತ್ತಳೆ ಬಣ್ಣದವು, ಕೆಲವು ಥೇಟ್ ಗಂಡಿನ ಬಣ್ಣದವು. ಅಲ್ಲಿ ಆ ಉಬ್ಬು ನೋಡದೆ ವಿಧಿಯಿಲ್ಲ.

ರೆಕ್ಕೆ ಹೊಸ ಪ್ಲಾಸ್ಟಿಕ್ ಹಾಳೆಯಂತೆ ಹೊಳೆಯುತ್ತಾ, ಮೈ ಬಿಳಿಚಿಕೊಂಡು, ತಡವರಿಸುತ್ತಾ ಹಾರಿದರೆ ಅದು ನೀರಿನೊಳಗೆ ಮರಿಯಾಗಿ ಬೆಳೆದು, ಆಗತಾನೇ ಪೊರೆ ಕಳಚಿ ಹೊರಬಂದದ್ದು. ಮುಟ್ಟಬೇಡಿ, ರೆಕ್ಕೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಬಣ್ಣ ನೋಡಿ ಹೆಸರಿಡಲೂ ಹೋಗಬೇಡಿ. ಪಕ್ಕದ ಜೊಂಡಿನ ಕಾಂಡದಲ್ಲಿ ಬೆನ್ನು ಸೀಳಿದ ಖಾಲಿ ಪೊರೆ ಅಂಟಿಕೊಂಡಿರಬಹುದು, ಅದರ ಫೋಟೊ ಇರಲಿ.

ಹಂತ 7: ಈಗ ಹೆಸರು

ಈಗ ಆ ‘ಕೆಂಪು’ ಫೋಟೊಗೆ ಬರೋಣ. ನಮ್ಮಲ್ಲಿ ಕೆರೆ-ಹಳ್ಳದ ಹತ್ತಿರ ಸಾಮಾನ್ಯವಾಗಿ ಕಾಣುವ ನಾಲ್ಕು ಕೆಂಪು ಗಂಡುಗಳನ್ನು ಬಣ್ಣ ಬಿಟ್ಟು ನೋಡಿ.

ರೆಕ್ಕೆಯೇ ತುಕ್ಕು ಬಣ್ಣದ್ದಾಗಿ, ತುದಿ ಮಾತ್ರ ಪಾರದರ್ಶಕವಾಗಿದ್ದರೆ ನ್ಯೂರೊಥೆಮಿಸ್ ಫುಲ್ವಿಯಾ. ಕಾಡಂಚಿನ ನೆರಳು, ತೋಟದ ಹಾದಿ ಇದರ ಜಾಗ.

ರೆಕ್ಕೆ ಪಾರದರ್ಶಕವಾಗಿದ್ದರೆ ಎದೆ ನೋಡಿ. ಹೊಟ್ಟೆ ಕೆಂಪು, ಎದೆ ಮಾತ್ರ ಕಪ್ಪುನೀಲಿ ಬೂದು ಬಳಿದಂತಿದ್ದರೆ ಆರ್ಥೆಟ್ರಮ್ ಪ್ರುಯಿನೋಸಮ್.

ಎದೆಯೂ ಹೊಟ್ಟೆಯೂ ಒಂದೇ ರಕ್ತಗೆಂಪಾಗಿ, ಬೆನ್ನಿನುದ್ದಕ್ಕೂ ತೆಳ್ಳನೆ ಕಪ್ಪು ಗೆರೆ ಇದ್ದು, ಕಾಲೂ ಕೆಂಪಗಿದ್ದರೆ ಕ್ರೊಕೊಥೆಮಿಸ್ ಸರ್ವಿಲಿಯಾ.

ಕೆಂಪಿನಲ್ಲಿ ನೇರಳೆ-ಗುಲಾಬಿ ಛಾಯೆ ಸೇರಿ, ರೆಕ್ಕೆಯ ನರಗಳೂ ಕೆಂಪಾಗಿ, ಕಾಲು ಕಪ್ಪಗಿದ್ದರೆ ಟ್ರಿಥೆಮಿಸ್ ಅರೋರಾ. ಕೊನೆಯ ಎರಡನ್ನು ಜನ ಸದಾ ಅದಲುಬದಲು ಮಾಡುತ್ತಾರೆ. ಕಾಲು ಕಾಣುವ ಪಕ್ಕದ ಫೋಟೊ ಒಂದಿದ್ದರೆ ಆ ಜಗಳವೇ ಇಲ್ಲ.

ಕೆಂಪು ಡ್ರ್ಯಾಗನ್‌ಫ್ಲೈಗಳು ಈ ನಾಲ್ಕಕ್ಕೇ ಮುಗಿಯುವುದಿಲ್ಲ. ಈ ನಾಲ್ಕರಲ್ಲಿ ಯಾವುದಕ್ಕೂ ಕೂಡದಿದ್ದರೆ ಬಲವಂತವಾಗಿ ಕೂಡಿಸಬೇಡಿ. ಕುಲದ ಹೆಸರಿಗೇ (ಎರಡು ಪದದ ಹೆಸರಿನಲ್ಲಿ ಮೊದಲನೆಯದಕ್ಕೆ) ನಿಲ್ಲಿಸಿ, ಅದೂ ಆಗದಿದ್ದರೆ ‘ಡ್ರ್ಯಾಗನ್‌ಫ್ಲೈ, ಗಂಡು’ ಎಂದು ಬಿಡಿ. ಒಳ್ಳೆಯ ಫೋಟೊ ಇದ್ದರೆ ಹೆಸರು ಮುಂದೆ ಯಾವಾಗಲಾದರೂ ಸೇರೀತು.

ಮೊದಲ ತಿಂಗಳು ಹದಿನೈದೇ ಜಾತಿ ಕಲಿಯಿರಿ. ಮೇಲೆ ಬಂದವುಗಳ ಜತೆ ಇನ್ನು ನಾಲ್ಕು: ಹೊಟ್ಟೆಯ ಬುಡ ಊದಿ ನಡು ಸಣ್ಣಗಾದ, ಹಸಿರು-ಕಪ್ಪು ಪಟ್ಟೆಯ ಆರ್ಥೆಟ್ರಮ್ ಸಬೀನಾ, ಬೇರೆ ಡ್ರ್ಯಾಗನ್‌ಫ್ಲೈಗಳನ್ನೇ ಹಿಡಿದು ತಿನ್ನುವ ಜಾತಿ. ಕೊಳಕು ನೀರಿನ ಮೇಲೂ ತಗ್ಗಿನಲ್ಲಿ ಹಾರುವ ಕಿತ್ತಳೆ ರೆಕ್ಕೆಯ ಬ್ರಾಕಿಥೆಮಿಸ್ ಕಂಟಾಮಿನೇಟಾ. ಹಳದಿ-ಕಪ್ಪು ರೆಕ್ಕೆ ಬಡಿಯುತ್ತಾ ತೇಲುವುದರಿಂದ ಎಲ್ಲರೂ ಪಾತರಗಿತ್ತಿ ಎಂದುಕೊಳ್ಳುವ ರಯೋಥೆಮಿಸ್ ವೇರಿಗೇಟಾ. ಡ್ಯಾಮ್ಸೆಲ್‌ಫ್ಲೈಗಳಲ್ಲಿ ಗುರುತೇ ಇಲ್ಲದ ಅರಿಶಿನ ಹಳದಿ ಹೊಟ್ಟೆಯ ಸೆರಿಯಾಗ್ರಿಯಾನ್ ಕೋರಮಂಡೇಲಿಯಾನಮ್, ಮನೆ ಹಿತ್ತಲಿಗೂ ಬರುತ್ತದೆ.

ಹಂತ 8: ಅಲ್ಲೇ ನಿಂತು ಬರೆಯಿರಿ

ಮನೆಗೆ ಹೋಗಿ ಬರೆಯೋಣ ಎಂದರೆ ಫೋಟೊ ಉಳಿಯುತ್ತದೆ, ಉಳಿದದ್ದೆಲ್ಲ ಮರೆತುಹೋಗುತ್ತದೆ. ನನ್ನ ಪುಸ್ತಕದ ಒಂದು ಪುಟ ಹೀಗಿರುತ್ತದೆ:

‘13 ಅಕ್ಟೋಬರ್ 2024, ಭಾನುವಾರ. ಬೆಳಿಗ್ಗೆ 9.40ರಿಂದ 10.30. ಏರಿಯ ದಕ್ಷಿಣ ತುದಿ, ತೂಬಿನಿಂದ ಕೋಡಿವರೆಗೆ. ಬಿಸಿಲು, ಗಾಳಿ ಕಡಿಮೆ. ಕೆರೆ ತುಂಬಿದೆ, ಅಂಚಿನಲ್ಲಿ ಜೊಂಡು. ಆ. ಸಬೀನಾ 4, ಒಂದು ಊಟ ಮಾಡುತ್ತಿತ್ತು. ಬ್ರಾ. ಕಂಟಾಮಿನೇಟಾ 30ಕ್ಕೂ ಹೆಚ್ಚು, ಜೋಡಿ 3. ಇಷ್ನುರಾ, ಜಾತಿ ಗೊತ್ತಾಗಲಿಲ್ಲ, ಹೆಣ್ಣು 1, ಕಿತ್ತಳೆ. ಫೋಟೊ 41–58.’

ಆರಂಭ, ಕೊನೆ ಎರಡೂ ಸಮಯ ಬೇಕು. ಐದು ನಿಮಿಷದಲ್ಲಿ ಕಂಡ ನಾಲ್ಕಕ್ಕೂ ಒಂದು ಗಂಟೆಯಲ್ಲಿ ಕಂಡ ನಾಲ್ಕಕ್ಕೂ ಬಹಳ ವ್ಯತ್ಯಾಸ. ಎಣಿಕೆಯಲ್ಲಿ ‘ತುಂಬಾ’, ‘ಸುಮಾರು’ ಬೇಡ, ಅಂದಾಜಾದರೂ ಅಂಕಿ ಹಾಕಿ. ಮೊಟ್ಟೆ ಇಡುವುದು, ಖಾಲಿ ಪೊರೆ ಕಂಡರೆ ತಪ್ಪದೆ ಬರೆಯಿರಿ. ಪೊರೆ ಸಿಕ್ಕಿತೆಂದರೆ ಆ ನೀರಿನಲ್ಲೇ ಅದು ಬೆಳೆದಿದೆ. ಆದರೆ ನಿಲ್ಲಿಸಿದ ಕಾರಿನ ಬಾನೆಟ್ಟಿಗೆ ಡ್ರ್ಯಾಗನ್‌ಫ್ಲೈ ಬಾಲ ತಾಗಿಸುತ್ತಿದ್ದರೆ ಅದು ಹೊಳಪನ್ನು ನೀರೆಂದು ಮೋಸಹೋಗಿದೆ ಅಷ್ಟೇ, ಸಂತಾನದ ಪುರಾವೆಯಾಗಿ ಎಣಿಸಬೇಡಿ.

ಹಂತ 9: ಏರಿಸುವಾಗ

ಕಂಡ ಜೀವಿಗಳನ್ನು ಫೋಟೊ ಸಮೇತ ಯಾರು ಬೇಕಾದರೂ ದಾಖಲಿಸಬಹುದಾದ ಜಾಲತಾಣಗಳಿವೆ. ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಯಾವುದಾದರೂ ಒಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ. ಹೋಲಿಸಿ ನೋಡಲು ಓಡೊನೇಟಾ ಆಫ್ ಇಂಡಿಯಾ ಜಾಲತಾಣದ ಫೋಟೊಗಳು ಚೆನ್ನಾಗಿವೆ.

ಒಂದೇ ಕೀಟದ ನಾಲ್ಕೂ ಫೋಟೊ ಒಂದೇ ದಾಖಲೆಗೆ ಹೋಗಲಿ. ಎರಡು ಬೇರೆ ಕೀಟಗಳನ್ನು ಒಂದರೊಳಗೆ ಸೇರಿಸಿದರೆ ನೋಡುವವರಿಗೆ ಯಾವುದಕ್ಕೆ ಹೆಸರು ಹೇಳಬೇಕೆಂದೇ ತಿಳಿಯುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿಯೇ ಕಳಿಸಿದ ಪ್ರತಿಯನ್ನು ಏರಿಸಬೇಡಿ, ಅದರಲ್ಲಿ ಸ್ಥಳ, ಸಮಯದ ಮಾಹಿತಿ ಕಳಚಿಹೋಗಿ ಗುಣಮಟ್ಟವೂ ಇಳಿದಿರುತ್ತದೆ. ಸ್ಥಳಕ್ಕೆ ಬರೀ ‘ಬೆಂಗಳೂರು’, ‘ಶಿವಮೊಗ್ಗ’ ಎಂದರೆ ಪ್ರಯೋಜನವಿಲ್ಲ. ನಕ್ಷೆಯಲ್ಲಿ ನೀವು ನಿಂತ ದಡಕ್ಕೇ ಗುರುತು ಹಾಕಿ, ಸ್ಥಳ ಎಷ್ಟು ನಿಖರ ಎಂದು ತೋರಿಸುವ ಸುತ್ತಲಿನ ವೃತ್ತವನ್ನು ಚಿಕ್ಕದು ಮಾಡಿ. ಸ್ವಂತ ಮನೆಯ ಹಿತ್ತಲಾದರೆ ಸ್ಥಳ ಮಸುಕು ಮಾಡುವ ಆಯ್ಕೆ ಇದೆ, ಬಳಸಿ.

ಆ್ಯಪ್ ತಾನಾಗಿ ಸೂಚಿಸುವ ಹೆಸರನ್ನು ಕಣ್ಣುಮುಚ್ಚಿ ಒತ್ತಬೇಡಿ. ನಮ್ಮ ಕಡೆ ಇಲ್ಲವೇ ಇಲ್ಲದ ಹೆಸರನ್ನೂ ಅದು ಕೆಲವೊಮ್ಮೆ ಮೊದಲ ಸಾಲಿನಲ್ಲಿ ತೋರಿಸುತ್ತದೆ. ಅನುಭವಿಗಳು ಬೇರೆ ಹೆಸರು ಹೇಳಿದರೆ ಯಾವ ಗುರುತಿನಿಂದ ಎಂದು ಕೇಳಿ, ಅದು ನಿಮ್ಮ ಫೋಟೊದಲ್ಲಿ ಕಂಡರೆ ಮಾತ್ರ ಒಪ್ಪಿಗೆ ಒತ್ತಿ. ದೊಡ್ಡವರು ಹೇಳಿದರೆಂದು ಒತ್ತುತ್ತಾ ಹೋದರೆ ಒಂದೇ ತಪ್ಪಿಗೆ ಎರಡು ಸಾಕ್ಷಿ ಸಿಕ್ಕಿದಂತಾಗುತ್ತದೆ.

ಹಂತ 10: ಮತ್ತೆ ಅದೇ ದಡ

ಹದಿನೈದು ದಿನಕ್ಕೊಮ್ಮೆ ಅದೇ ತೂಬಿನಿಂದ ಅದೇ ಕೋಡಿವರೆಗೆ, ಅಷ್ಟೇ ಹೊತ್ತು ನಡೆಯಿರಿ. ಏನೂ ಕಾಣದ ದಿನವೂ ದಿನಾಂಕ, ಸಮಯ, ಹವೆ ಬರೆದು ಎದುರಿಗೆ ‘0’ ಹಾಕಿ. ಹಿಂದಿನ ಸಲ ಐದಾರು ಜಾತಿ ಇದ್ದ ಕಡೆ ಬಿಸಿಲಿದ್ದೂ ಬ್ರಾಕಿಥೆಮಿಸ್ ಒಂದೇ ಉಳಿದಿದ್ದರೆ ಮೊದಲು ನೀರು ನೋಡಿ: ಹೊಸದಾಗಿ ಚರಂಡಿ ಸೇರಿದೆಯೇ, ನೊರೆ ಇದೆಯೇ, ಅಂಚಿನ ಜೊಂಡು ಕಿತ್ತು ಕಲ್ಲು ಕಟ್ಟಿದ್ದಾರೆಯೇ? ಅದನ್ನೂ ಅದೇ ಪುಟದಲ್ಲಿ ಬರೆಯಿರಿ, ಒಂದು ಫೋಟೊ ಸಮೇತ.